ಶನಿವಾರದ ಪ್ರಾಗ್ ಬಿಯರ್ ನಡಿಗೆ: ಬರುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಶನಿವಾರ ಮಧ್ಯಾಹ್ನ 2.30ಕ್ಕೆ ನಾರೋದ್ನಿ ತ್ರೀದಾ ಮೆಟ್ರೋ ಹತ್ತಿರ ಸೇರೋಣ. ಗೈಡ್ ಅಲ್ಲಿಗೇ ಬರುತ್ತಾರೆ. ತಡ ಮಾಡಬೇಡಿ. ಮೊದಲ ಪಬ್ 'ಉ ಜ್ಲತೇಹೊ ತಿಗ್ರ' ತೆರೆಯುವುದೇ 3 ಗಂಟೆಗೆ. ಆಮೇಲೆ ಹೋದರೆ ಕೂರಲು ಜಾಗ ಸಿಗುವುದು ಕಷ್ಟ. 1994ರಲ್ಲಿ ಆಗಿನ ಜೆಕ್ ಅಧ್ಯಕ್ಷ ಹಾವೆಲ್ ಅವರು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರನ್ನು ಕರೆತಂದದ್ದು ಇಲ್ಲಿಗೇ. ಅಲ್ಲಿಂದ 'ಉ ಮೆದ್ವೀದ್ಕು', ಕೊನೆಗೆ 'ಉ ಫ್ಲೆಕು'. ಫ್ಲೆಕುವಿನ ಇತಿಹಾಸ 1499ರಷ್ಟು ಹಳೆಯದು. ಅವರೇ ತಯಾರಿಸುವ ಕಪ್ಪು ಬಿಯರ್ ಬೇರೆ ಕಡೆ ಹುಡುಕಬೇಡಿ, ಅಲ್ಲೇ ಕುಡಿಯಿರಿ.

ಹೊಸಬರಿಗೆ ಒಂದು ಮಾತು. ಇಂಥ ಹಳೇ ಪಬ್‌ಗಳಲ್ಲಿ ಮೇಜಿನ ಮೇಲೆ ಒಂದು ಚೀಟಿ ಇಡುತ್ತಾರೆ. ಒಂದೊಂದು ಗ್ಲಾಸಿಗೂ ಅದರಲ್ಲಿ ಒಂದು ಗೀಟು. ಅದೇ ನಿಮ್ಮ ಬಿಲ್ಲಿನ ಲೆಕ್ಕ, ಒದ್ದೆ ಮಾಡಬೇಡಿ, ಕಳೆಯಬೇಡಿ. ಗ್ಲಾಸ್ ಖಾಲಿಯಾದರೆ ಕೇಳದೆಯೇ ಇನ್ನೊಂದು ಬರಬಹುದು. ಸಾಕು ಅನಿಸಿದರೆ ಗ್ಲಾಸಿನ ಕೆಳಗಿಡುವ ರಟ್ಟಿನ ಬಿಲ್ಲೆಯನ್ನು ಗ್ಲಾಸಿನ ಮೇಲೆ ಮುಚ್ಚಿಡಿ.

ನೊರೆ ಜಾಸ್ತಿ ಅಂತ ವಾಪಸ್ ಕಳಿಸಬೇಡಿ. ಮೂರು ಬೆರಳು ದಪ್ಪ, ಹಾಲಿನ ಕೆನೆಯಂಥ ಆ ನೊರೆ ಬಿಯರಿಗೆ ಗಾಳಿ ತಾಗದಂತೆ ಕಾಯುತ್ತದೆ. ನನಗಂತೂ ಅದರೊಳಗಿಂದ ಬರುವ ಮೊದಲ ಗುಟುಕೇ ಪ್ರಾಣ. 'ನಾ ಜ್ದ್ರಾವಿ' (ಜೆಕ್ ಭಾಷೆಯ 'ಚಿಯರ್ಸ್') ಅನ್ನುವಾಗ ಎದುರಿನವರ ಕಣ್ಣು ನೋಡಿ, ಇಲ್ಲಿನವರು ಅದನ್ನು ಗಮನಿಸುತ್ತಾರೆ.

ಸಸ್ಯಾಹಾರಿಗಳು ಎಣ್ಣೆಯಲ್ಲಿ ಈರುಳ್ಳಿ, ಮೆಣಸಿನ ಜೊತೆ ನೆನೆಸಿದ ಹೆರ್ಮೆಲೀನ್ ಚೀಸ್ ಇದೆಯಾ ಕೇಳಿ. ಬ್ರೆಡ್ ಜೊತೆ ಬಹಳ ರುಚಿ.

ಕಾರು ಬೇಡವೇ ಬೇಡ. ಒಂದು ಗುಟುಕು ಕುಡಿದು ಓಡಿಸಿದರೂ ಇಲ್ಲಿ ತಪ್ಪು. ಟ್ರಾಮ್ ಇದೆಯಲ್ವಾ. ರಾತ್ರಿ 10ರ ನಂತರ ಗೈಡ್ ಜೊತೆ ಪಬ್ ಸುತ್ತುವುದಕ್ಕೆ ಪ್ರಾಗ್‌ನಲ್ಲಿ ನಿಷೇಧವಿದೆ, ಹಾಗಾಗಿ 8ಕ್ಕೆ ಮುಗಿಸುತ್ತೇವೆ. ಸ್ವಲ್ಪ ನಗದು ಇಟ್ಟುಕೊಳ್ಳಿ. ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ.