ಎಣ್ಣೆ ಸೋರಿದ ಮಣ್ಣು: ಟೆಂಡರಿಗೆ ಮೊದಲು ಜರಡಿ ಹಿಡಿಸಿ

ಮಾನ್ಯ ಅಧ್ಯಕ್ಷರಿಗೆ,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಬೆಂಗಳೂರು

ಮಾನ್ಯರೇ,

ಕಲುಷಿತ ಸ್ಥಳಗಳ ನಿರ್ವಹಣೆಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ಹೊರಡಿಸಿದೆ. ಡೀಸೆಲ್ ಸೋರಿದ ಬಂಕು, ಡಿಪೊಗಳ ಮಣ್ಣು ಶುದ್ಧ ಮಾಡುವ ಯೋಜನೆ ತಮ್ಮ ಮುಂದೆ ಬಂದಾಗ ಮೊದಲು ಮಣ್ಣಿನ ಜರಡಿ ಪರೀಕ್ಷೆಯ, ಅಂದರೆ ಮರಳೆಷ್ಟು, ಸಣ್ಣ ಕಣವೆಷ್ಟು ಎಂದು ಅಳೆಯುವ ಪರೀಕ್ಷೆಯ, ವರದಿ ಕೇಳಿ. ಮಣ್ಣನ್ನು ತೊಳೆಯಬೇಕೆ, ಸೂಕ್ಷ್ಮಜೀವಿಗಳಿಗೆ ಬಿಡಬೇಕೆ ಎಂಬುದನ್ನು ತೀರ್ಮಾನಿಸುವುದು ಅದೇ.

ಮಾರ್ಜಕ ಬೆರೆಸಿದ ನೀರಿನಲ್ಲಿ ತೊಳೆಯುವುದು ಮರಳುಮಣ್ಣಿಗೆ ಒಗ್ಗುತ್ತದೆ. ಮರಳು ಶುದ್ಧವಾಗಿ ಉಳಿದು, ಎಣ್ಣೆ ಹೊತ್ತ ಜೇಡಿ ಕೆಸರಾಗಿ ಬೇರೆಯಾಗುತ್ತದೆ. 63 ಮೈಕ್ರಾನಿಗಿಂತ (0.063 ಮಿ.ಮೀ.) ಸಣ್ಣ ಕಣಗಳು ಕಾಲು ಭಾಗ ದಾಟಿದರೆ ಕೆಸರೇ ಹೆಚ್ಚಾಗಿ ಖರ್ಚು ಗಿಟ್ಟದು. ಕಲಬುರಗಿ, ವಿಜಯಪುರದ ಜೇಡಿ ತುಂಬಿದ ಎರೆಮಣ್ಣನ್ನು ತೊಳೆಯುತ್ತೇವೆ ಎಂದರೆ ಒಪ್ಪಬೇಡಿ. ಮಾರ್ಜಕ ಅತಿಯಾದರೆ ಎಣ್ಣೆ ನೀರಿನೊಳಗೆ ಹಾಲಿನಂತೆ ಬೆರೆತು ಬೇರೆಯಾಗುವುದಿಲ್ಲ. ಆ ನೀರನ್ನೂ ಕೆಸರನ್ನೂ ಏನು ಮಾಡುತ್ತಾರೆ ಎಂಬುದು ಯೋಜನೆಯಲ್ಲೇ ಇರಬೇಕು. ಚರಂಡಿಗೆ ಬಿಟ್ಟರೆ ಊರಿನ ಬಾವಿಗೆ ಹೊಸ ಕಂಟಕ.

ಕೆಸರಿಗೂ ತೊಳೆಯಲಾಗದ ಮಣ್ಣಿಗೂ ಸೂಕ್ಷ್ಮಜೀವಿಗಳೇ ಸರಿ. ಆದರೆ ಬ್ಯಾಕ್ಟೀರಿಯಾ ಪುಡಿಯ ಪೊಟ್ಟಣವನ್ನೇ ಚಿಕಿತ್ಸೆ ಎಂದು ಮಾರುವವರಿದ್ದಾರೆ. ಹಳೆಯ ಸೋರಿಕೆಯ ಮಣ್ಣಿನಲ್ಲಿ ಎಣ್ಣೆ ತಿನ್ನುವ ಜೀವಿಗಳು ಸಾಮಾನ್ಯವಾಗಿ ಇದ್ದೇ ಇರುತ್ತವೆ. ಅವಕ್ಕೆ ಕೊರತೆಯಾಗುವುದು ಗಾಳಿ, ಸಾರಜನಕ, ರಂಜಕ.

ಮಣ್ಣನ್ನು ಅಗೆದು ಗುಡ್ಡೆ ಹಾಕಿ ಜೀವಿಗಳಿಗೆ ಇವನ್ನು ಒದಗಿಸಬೇಕು. ಅದಕ್ಕೆ ಬೇಕಾದ ಗೊಬ್ಬರದ ಲೆಕ್ಕ ಹೀಗಿದೆ. 100 ಘನ ಮೀಟರ್ ಮಣ್ಣು ಸುಮಾರು 160 ಟನ್. ಅದರಲ್ಲಿ ಶೇ. 1 ಎಣ್ಣೆಯಿದ್ದರೆ 1,600 ಕಿಲೋ. ಇಂಗಾಲ, ಸಾರಜನಕ, ರಂಜಕಗಳನ್ನು 100:10:1ರಂತೆ ಹಿಡಿದರೆ ಸುಮಾರು 270 ಕಿಲೋ ಯೂರಿಯಾ, 70 ಕಿಲೋ ಡಿಎಪಿ. ಇದು ಮೇಲ್ಮಿತಿ. ಒಂದೇ ಸಲ ಸುರಿದರೆ ಮಣ್ಣಿನ ತೇವ ಉಪ್ಪಾಗಿ ಜೀವಿಗಳು ಸೊರಗುತ್ತವೆ, ಅಮೋನಿಯಾ ಏಳುತ್ತದೆ. ಹಲವು ಕಂತುಗಳಲ್ಲಿ, ಪ್ರತಿ ಸಲ ಪರೀಕ್ಷಿಸಿ ಕೊಡಬೇಕು. ಕಿಲೋ ಎಣ್ಣೆಗೆ 3 ಕಿಲೋಗೂ ಹೆಚ್ಚು ಆಮ್ಲಜನಕ ಬೇಕು. ಅದಕ್ಕೇ ಗುಡ್ಡೆ 2 ಮೀಟರ್ ದಾಟಬಾರದು, ತಳದಲ್ಲಿ ತೂತಿನ ಪೈಪು, ಬ್ಲೋವರ್ ಇರಬೇಕು. ಅದರಡಿ ಗಟ್ಟಿ ಪ್ಲಾಸ್ಟಿಕ್ ಹಾಳೆ. ಕರಾವಳಿಯಲ್ಲಿ ಜೂನ್‌ಗೆ ಮೊದಲೇ ಮೇಲೆ ಟಾರ್ಪಾಲು ಬಿಗಿಯಬೇಕು. ನೀರು ನಿಂತ ಗುಡ್ಡೆಯಲ್ಲಿ ಗಾಳಿಯಾಡದು. ಎಣ್ಣೆ ಶೇ. 5 ದಾಟಿದ್ದರೆ ಮೊದಲು ಅದನ್ನು ಇಳಿಸಿ.

ಪೆಟ್ರೋಲ್ ಸೋರಿದ ಮಣ್ಣನ್ನು ತೆರೆದಲ್ಲೇ ಮಗುಚಲು ಬಿಡಬೇಡಿ. ಬೆಂಜೀನ್ ಗಾಳಿಗೆ ಹಾರುತ್ತದೆ, ವರದಿಯಲ್ಲಿ ಮಾತ್ರ ಮಣ್ಣು ಶುದ್ಧವಾದಂತೆ ಕಾಣುತ್ತದೆ. ಹೊಸ ಮಣ್ಣು ಬೆರೆಸಿದರೂ ಅಂಕಿ ಇಳಿಯುತ್ತದೆ. ಆದ್ದರಿಂದ ಬ್ಯಾಕ್ಟೀರಿಯಾ ಪುಡಿ ಹಾಕದ ಒಂದು ಗುಡ್ಡೆ ಹೋಲಿಕೆಗೆ ಇರಲಿ, ಆರಂಭದ ಮತ್ತು ಕೊನೆಯ ತೂಕ ದಾಖಲಾಗಲಿ, ಎಣ್ಣೆಯ ಅಂಶಗಳನ್ನು ಬಿಡಿಸಿ ಅಳೆಯುವ ಯಂತ್ರವಾದ ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನ ವರದಿ ಬರಲಿ. ಡೀಸೆಲ್ಲಿನಲ್ಲಿ ನೇರ ಸರಪಳಿಯಂಥ ಅಣುಗಳ ಅಂಶಗಳನ್ನು ಜೀವಿಗಳು ಬೇಗ ತಿಂದು ಮುಗಿಸುತ್ತವೆ. ಒಂದೇ ಅಣುವಿನಲ್ಲಿ ಹಲವು ಉಂಗುರಗಳಿರುವ ಸಂಯುಕ್ತಗಳು ಉಳಿದುಬಿಡುತ್ತವೆ. ಅವುಗಳ ಅಂಕಿ ಪ್ರತ್ಯೇಕವಾಗಿ ಬರುವವರೆಗೆ ಗುತ್ತಿಗೆದಾರರ ಕೊನೆಯ ಕಂತನ್ನು ಬಿಡುಗಡೆ ಮಾಡದಂತೆ ಆದೇಶಿಸಬೇಕೆಂದು ಕೋರುತ್ತೇವೆ.

ಇಂತಿ,
ಮಣ್ಣು ಶುದ್ಧೀಕರಣದ ಕೆಲಸದಲ್ಲಿರುವ ಎಂಜಿನಿಯರುಗಳು ಮತ್ತು ಸೂಕ್ಷ್ಮಜೀವಿ ತಜ್ಞರು