ನಾವು ತಲೆದೂಗಿದ್ದು ಸೆಕೆಗೆ

ಮಾನ್ಯ ಸಂಪಾದಕರೇ,

‘ಬೋನಿ ಎಂ ಹಾಡಿಗೆ ತಲೆದೂಗಿದ ಹಿರಿಯರು’ ಎಂಬ ಸೋಮವಾರದ ವರದಿ ನೋಡಿದೆ. ಭಾನುವಾರ ಪಾಲಿಕೆಯ ಸಭಾಗೃಹದಲ್ಲಿ ಡಿಸ್ಕೋ ತಂಡ ಬೋನಿ ಎಂನ ಹಳೇ ರೆಕಾರ್ಡ್ ಕೇಳುವ ಕಾರ್ಯಕ್ರಮದ ಬಗ್ಗೆ ಅದು. ಯಾವ ಹಾಡಿಗೆ ಸ್ವಾಮಿ? ಎಲ್‌ಪಿ ರೆಕಾರ್ಡಿನ ಮೊದಲ ಮಗ್ಗುಲು ಮುಗಿಯುವ ಮೊದಲೇ ಕರೆಂಟ್ ಹೋಯಿತು. ಆಮೇಲೆ ತಲೆದೂಗಿದ್ದೇನೋ ನಿಜ, ಸೆಕೆ ತಾಳಲಾರದೆ.

ಭಾನುವಾರ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆಂದು ಲೋಕಲ್ ರೈಲುಗಳ ಓಡಾಟಕ್ಕೆ ತಡೆ. ನಾಹೂರಿನಲ್ಲಿ ಗಾಡಿ ನಿಲ್ಲುವುದಿಲ್ಲ. ಮುಲುಂಡಿಗೆ ರಿಕ್ಷಾ, ಅಲ್ಲಿಂದ ದಾದರ್‌ವರೆಗೆ ನಿಂತೇ ಪ್ರಯಾಣ. ಮೊಣಕಾಲು ನೋವಿನ ಹೆಂಡತಿಯನ್ನು ಸೇತುವೆ ಹತ್ತಿಸಿ ಇಳಿಸಿ ಸಭಾಗೃಹಕ್ಕೆ ಬಂದರೆ ಅಲ್ಲಿ ಲಿಫ್ಟ್ ಬಂದ್. ಕರೆಂಟ್ ಹೋದಾಗ ಕೇರ್‌ಟೇಕರ್ ಹೇಳಿದ್ದು, ಜನರೇಟರ್ ಕೋಣೆಯ ಬೀಗದ ಕೈ ಸಾಹೇಬರ ಹತ್ತಿರ ಇದೆ, ಸಾಹೇಬರು ಪನವೇಲಿನಲ್ಲಿದ್ದಾರೆ. ಬಾಡಿಗೆ ಮಾತ್ರ ಮುಂಗಡ!

ಸುಮ್ನೆ ಯಾವುದೋ ಹಾಡು ಕೇಳಲು ಹೋದವರಲ್ಲ ನಾವು. 1981ರ ‘ಬೂನೂನೂನೂಸ್’ ಆಲ್ಬಂ ಅದು. ಲಿಜ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್, ಮೇಜೀ ವಿಲಿಯಮ್ಸ್ ಜೊತೆ ಬಾಬಿ ಫ್ಯಾರೆಲ್ ಇನ್ನೂ ಇದ್ದ ಕಾಲದ್ದು. ಆಮೇಲೆ ಅದೇ ವರ್ಷ ಒಂದು ಕ್ರಿಸ್‌ಮಸ್ ಆಲ್ಬಂ ಬಂತು, ಅಷ್ಟೆ. 1982ರಲ್ಲಿ ಬಾಬಿ ಜಾಗಕ್ಕೆ ರೆಜಿ ಸಿಬೋ ಬಂದರು. ರೆಜಿ ಚೆನ್ನಾಗಿಯೇ ಹಾಡುತ್ತಿದ್ದರು, ಆದರೂ ನಮಗೆ ಬೋನಿ ಎಂ ಅಂದರೆ ಆ ಮೊದಲಿನ ನಾಲ್ವರೇ.

ನಿಮ್ಮ ವರದಿಗಾರರು ಬಾಬಿಯನ್ನು ‘ಗಂಭೀರ ಕಂಠದ ಗಾಯಕ’ ಅಂದಿದ್ದಾರೆ. ರೆಕಾರ್ಡಿನ ಆ ದಪ್ಪ ದನಿ ನಿರ್ಮಾಪಕ ಫ್ರಾಂಕ್ ಫಾರಿಯನ್ ಅವರದು. ಬಾಬಿ ಕುಣಿಯುವವರು. ಆ ಕುಣಿತ ನೋಡಿಯೇ ನಮ್ಮ ಕಾಲೇಜಿನ ಅರ್ಧ ಹುಡುಗರು ಬೆಲ್ ಬಾಟಂ ಹೊಲಿಸಿದ್ದು. ಬಾಯಿ ಆಡಿಸುವವರು ಒಬ್ಬರು, ದನಿ ಇನ್ನೊಬ್ಬರದು. ನಮ್ಮ ವಾರ್ಡ್ ಆಫೀಸಿನಲ್ಲೂ ಹಾಗೇ. ಅಲ್ಲಿ ಬಾಯಿ ಆಡುತ್ತದೆ, ದನಿ ಯಾರದೂ ಇಲ್ಲ.

ಫೋಟೋದಲ್ಲಿ ನಗುತ್ತಿರುವ ನಗರಸೇವಕರು ಶಾಲು ಹೊದ್ದುಕೊಂಡು ಭಾಷಣ ಬಿಗಿದು ಮೊದಲೇ ಹೊರಟರು. ನಿಮ್ಮ ವರದಿಗಾರರೂ ಅವರ ಹಿಂದೆಯೇ ಹೋಗಿರಬೇಕು. ಆ ಭಾಷಣ ಒಂದು ಇಲ್ಲದಿದ್ದರೆ ಕರೆಂಟ್ ಇರುವಾಗಲೇ ಎರಡೂ ಮಗ್ಗುಲು ಕೇಳಿ ಮುಗಿಯುತ್ತಿತ್ತು. ನಮ್ಮ ಗಲ್ಲಿಯ ಗಟಾರದ ಮುಚ್ಚಳ ಹೋದ ಮಳೆಗಾಲಕ್ಕೆ ಮುಂಚೆಯೇ ಒಡೆದಿದೆ, ಅದಕ್ಕೆ ಇವರು ಬಂದು ಭಾಷಣ ಮಾಡಲಿಲ್ಲ. ನೀರಿನ ಬಿಲ್ಲಿನಲ್ಲಿ ನನ್ನ ಹೆಸರು ಇನ್ನೂ ತಪ್ಪೇ ಇದೆ. ಕೇಳಿದರೆ ಆನ್‌ಲೈನ್ ಮಾಡಿ ಅನ್ನುತ್ತಾರೆ. ಆನ್‌ಲೈನ್ ಮಾಡಿದರೆ ಆಫೀಸಿಗೆ ಬನ್ನಿ ಅನ್ನುತ್ತದೆ. ಇದೆಂಥ ಆಡಳಿತ?

ಪಾಲಿಕೆಯವರು ಜನರೇಟರ್ ಸರಿಪಡಿಸಲಿ. ಇಲ್ಲವೇ ಸಭಾಗೃಹವನ್ನು ಮದುವೆಗೆ ಕೊಟ್ಟು ಸುಮ್ಮನಾಗಲಿ. ಬೀಗದ ಕೈ ಪನವೇಲಿಗೆ ಹೇಗೆ ಹೋಯಿತು ಎಂದು ವಿಚಾರಣೆಯೂ ಆಗಲಿ. ನೀವೂ ಸ್ವಲ್ಪ ಕಾರ್ಯಕ್ರಮ ಮುಗಿಯುವವರೆಗೆ ಕೂರುವವರನ್ನು ಕಳಿಸಿ. ಸಂಬಂಧಪಟ್ಟವರಿಗೆ ನಾಚಿಕೆ ಅನ್ನುವುದು ಇದ್ದರೆ ಏನಾದರೂ ಮಾಡುತ್ತಾರೆ. ಇಲ್ಲ ಅಂತಲೇ ಕಾಣುತ್ತದೆ.

ನೊಂದ ಓದುಗ,
ನಾಹೂರು, ಮುಂಬಯಿ