ಈ ಕುಯ್ಲಿನಿಂದ ಕಾಫಿ ಚೀಲಕ್ಕೆ ರೇಡಿಯೋ ಟ್ಯಾಗ್: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಈ ಸಲದ ಕುಯ್ಲಿನ ಕಾಫಿ ಪುಡಿ ಮುಂದಿನ ತಿಂಗಳಿಂದ ನಿಮ್ಮ ಮನೆಗೆ ಬರುತ್ತದೆ. ಪ್ಯಾಕೆಟ್ ಮೇಲೆ ಹೊಸದಾಗಿ ಒಂದು ಕ್ಯೂಆರ್ ಕೋಡ್ ಇರುತ್ತದೆ. ಬೆಲೆಯೂ ಕಾಲು ಕೆಜಿಗೆ 4 ರೂಪಾಯಿ ಜಾಸ್ತಿಯಾಗುತ್ತದೆ. ಯಾಕೆ ಅಂತ ನಿಮಗೆ ಹೇಳಲೇಬೇಕು.

ಮೂಡಿಗೆರೆ ಸುತ್ತಿನ ನಮ್ಮ ಸದಸ್ಯರೆಲ್ಲ ಸಣ್ಣ ಬೆಳೆಗಾರರು. ಹಣ್ಣು ಕುಯ್ದು, ಸಿಪ್ಪೆ ತೆಗೆಯುವ ಪಲ್ಪರ್‌ಗೆ ಹಾಕಿ, ತೊಳೆದು, ಕಣದಲ್ಲಿ ಒಣಗಿಸಿ, ತೆಳು ಹೊಟ್ಟಿನೊಳಗಿನ ಬೀಜವನ್ನು, ಅಂದರೆ ಪಾರ್ಚ್‌ಮೆಂಟನ್ನು ಗೋಣಿಚೀಲಕ್ಕೆ ತುಂಬುವ ತನಕ ಯಾರ ಕಾಫಿ ಯಾವುದು ಅನ್ನುವುದರಲ್ಲಿ ಗೊಂದಲವೇ ಇಲ್ಲ. ತೊಡಕು ಶುರುವಾಗುವುದು ಆಮೇಲೆ. ಗೋದಾಮು, ಲಾರಿ, ಹೊಟ್ಟು ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಅಂತ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಶಾಯಿಯಲ್ಲಿ ಬರೆದ ನಂಬರು ಉಜ್ಜಿ ಉಜ್ಜಿ ಮಾಸುತ್ತದೆ. ಬಾಯಿಗೆ ಕಟ್ಟಿದ ಚೀಟಿ ಹರಿಯುತ್ತದೆ. ಅಟ್ಟಿಯ ತಳದಲ್ಲಿರುವ ಚೀಲದ ಚೀಟಿ ನೋಡಬೇಕಾದರೆ ಮೇಲಿನವನ್ನೆಲ್ಲ ಇಳಿಸಬೇಕು. ಕುಯ್ಲಿನ ಗಡಿಬಿಡಿಯಲ್ಲಿ ಅದು ಆಗುವ ಮಾತಲ್ಲ.

ಅದಕ್ಕೇ ಈಗ ಪ್ರತಿ ಚೀಲದ ಅಂಚಿಗೆ ಒಂದು ಆರ್‌ಎಫ್‌ಐಡಿ ಟ್ಯಾಗ್ ಹೊಲಿಯುತ್ತಿದ್ದೇವೆ. ಟೋಲ್ ಗೇಟಿನಲ್ಲಿ ಕಾರಿನ ಫಾಸ್ಟ್ಯಾಗ್ ಓದುತ್ತದಲ್ವಾ, ಇದೂ ಅದೇ ಜಾತಿಯದ್ದು. ಬ್ಯಾಟರಿ ಇಲ್ಲ. ಸಾಸಿವೆಗಿಂತ ಚಿಕ್ಕ ಚಿಪ್, ಅದಕ್ಕೊಂದು ತೆಳುವಾದ ಆಂಟೆನಾ, ಅಷ್ಟೆ. ರೀಡರ್ ಕಳಿಸುವ ರೇಡಿಯೋ ಅಲೆಯಿಂದಲೇ ಶಕ್ತಿ ಪಡೆದು ತನ್ನ ನಂಬರು ಹೇಳುತ್ತದೆ. ರೀಡರ್ ಹಿಡಿದು ಅಟ್ಟಿಯ ಸುತ್ತ ನಡೆದರೆ ಒಳಗಿನ ಚೀಲಗಳ ನಂಬರೂ ಬರುತ್ತವೆ. ಆದರೆ ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಯಾವುದಾದರೂ ಚೀಲ ಓದದೇ ಇದ್ದರೆ ನಾವು ಮೊದಲು ಗೋಣಿ ಮುಟ್ಟಿ ನೋಡುತ್ತೇವೆ, ತೇವ ಇದೆಯಾ ಅಂತ. ತೇವ ಇದ್ದರೆ ಕಾಫಿಗೂ ಕೇಡು. ಅಂಥ ಚೀಲ ಅಲ್ಲೇ ಪಕ್ಕಕ್ಕೆ ಬರುತ್ತದೆ.

ಕ್ಯೂರಿಂಗ್‌ನಲ್ಲಿ ಹಾಪರ್‌ಗೆ (ಯಂತ್ರದ ಬಾಯಿಗೆ) ಸುರಿಯುವ ಮುಂಚೆ ಟ್ಯಾಗ್ ಓದಿ, ಬಿಚ್ಚಿ ತೆಗೆಯುತ್ತೇವೆ. ಮುಂದಿನ ವರ್ಷ ಅದೇ ಟ್ಯಾಗ್ ಬೇರೆ ಚೀಲಕ್ಕೆ. ಅಲ್ಲಿಂದಾಚೆಗೆ ಕಾಫಿ ಲಾಟ್ (ರಾಶಿ) ನಂಬರಿನ ಮೇಲೆ ಸಾಗುತ್ತದೆ: ಒಂದೊಂದು ಊರಿನದು ಒಂದೊಂದು ಲಾಟ್. ಲಾಟ್ ಚಿಕ್ಕದಾದಷ್ಟೂ ಖರ್ಚು ಜಾಸ್ತಿ, ಯಾಕೆಂದರೆ ಒಂದು ಮುಗಿದ ಮೇಲೆ ಯಂತ್ರ ಪೂರ್ತಿ ಖಾಲಿ ಮಾಡಿ ಗುಡಿಸಿಯೇ ಇನ್ನೊಂದನ್ನು ಹಾಕಬೇಕು. ನೀವು ಕೊಡುವ 4 ರೂಪಾಯಿಯಲ್ಲಿ ಹೆಚ್ಚಿನ ಪಾಲು ಇದಕ್ಕೇ ಹೋಗುತ್ತದೆ.

ಪ್ಯಾಕೆಟ್ ಒಳಗೆ ಟ್ಯಾಗ್ ಹಾಕಿಲ್ಲ. ಪರಿಮಳ ಉಳಿಸುವ ಅಲ್ಯೂಮಿನಿಯಂ ಪದರ ರೇಡಿಯೋ ಅಲೆಯನ್ನು ತಡೆಯುತ್ತದೆ, ಮೇಲಾಗಿ ಒಂದೇ ಸಲ ಬಳಸಿದ ಚಿಪ್ ಸುಮ್ನೆ ನಿಮ್ಮ ಕಸದ ಬುಟ್ಟಿ ಸೇರುತ್ತದೆ. ಪರಿಸರದ ಹೆಸರಲ್ಲಿ ಕಸ ಹೆಚ್ಚಿಸುವುದು ನಮಗೆ ಬೇಡ. ಮುದ್ರಿಸಿದ ಕೋಡ್ ಸಾಕು. ಸ್ಕ್ಯಾನ್ ಮಾಡಿದರೆ ಊರು, ಕುಯ್ದ ತಿಂಗಳು, ಕ್ಯೂರಿಂಗ್ ಮಾಡಿದ ದಿನ, ಹುರಿದ ದಿನ ಕಾಣುತ್ತದೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕೋಡ್ ಹೇಳುವುದು ಕಾಫಿಯ ಊರು ಮಾತ್ರ. ಚಿಕೋರಿ ನಮ್ಮ ಕಡೆ ಬೆಳೆಯುವುದಲ್ಲ, ಗುಜರಾತ್, ಉತ್ತರ ಪ್ರದೇಶದ ಕಡೆಯದು.

ಟ್ಯಾಗ್‌ಗೆ ಚೀಲ ಎಲ್ಲಿಂದ ಬಂತು ಅಂತ ಗೊತ್ತು. ಆ ತೋಟದಲ್ಲಿ ನೆರಳು ಕೊಡುವ ಅತ್ತಿ, ಹಲಸು, ನಂದಿ ಮರಗಳು ಇನ್ನೂ ನಿಂತಿವೆಯಾ ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ತೋಟಕ್ಕೆ ಹೋಗಿಯೇ ನೋಡಬೇಕು, ನಾವು ಹೋಗುತ್ತೇವೆ. ಪ್ರತಿ ಸದಸ್ಯರ ತೋಟವನ್ನೂ ನಕ್ಷೆಯಲ್ಲಿ ಗುರುತು ಮಾಡುತ್ತಿದ್ದೇವೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಕಾನೂನು ಅನ್ವಯವಾದ ಮೇಲೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ, ಬೆಳೆದ ಜಾಗವನ್ನೂ ತೋರಿಸಬೇಕು. ಹೊರದೇಶದವರಿಗೆ ಕೊಡುವ ಲೆಕ್ಕ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ನಮ್ಮ ಗ್ರಾಹಕರಿಗೂ ಸಿಗಬೇಕು ಅನ್ನುವುದು ಸಂಘದ ತೀರ್ಮಾನ. ಚಿಕ್ಕಮಗಳೂರು ಅರೇಬಿಕಾಗೆ 2019ರಲ್ಲೇ ಭೌಗೋಳಿಕ ಗುರುತು (ಜಿಐ), ಅಂದರೆ ಆ ಸೀಮೆಯ ಬೆಳೆಗೆ ಮಾತ್ರ ಆ ಹೆಸರು ಅನ್ನುವ ಮಾನ್ಯತೆ, ಸಿಕ್ಕಿದೆ. ಆ ಹೆಸರು ಹಾಕಿ ಮಾರುವವರು ಚೀಲದ ಲೆಕ್ಕ ಇಡಲೇಬೇಕು ಅಂತ ನಾವು ನಂಬುತ್ತೇವೆ.

ಹಳೆಯ ಪ್ಯಾಕೆಟ್‌ಗಳು ಮುಗಿಯುವ ತನಕ ಹಳೆಯ ಬೆಲೆಗೇ ಸಿಗುತ್ತವೆ. ಸ್ಕ್ಯಾನ್ ಮಾಡಲು ಆಗದವರು ಪ್ಯಾಕೆಟ್ ತಳದಲ್ಲಿರುವ ಲಾಟ್ ನಂಬರನ್ನು ಫೋನಿನಲ್ಲಿ ಓದಿ ಹೇಳಿ. ಕಚೇರಿಯಲ್ಲಿರುವವರು ರಿಜಿಸ್ಟರ್ ನೋಡಿ ಊರು ತಿಳಿಸುತ್ತಾರೆ. ಒಂದು ಊರಿನ ಕಾಫಿಯ ರುಚಿ ಹಿಡಿಸಿದ್ದರೆ, ಮುಂದಿನ ಆರ್ಡರ್‌ನಲ್ಲಿ ಅದೇ ಊರಿನದ್ದು ಬೇಕು ಅಂತ ಬರೆಯಿರಿ, ಇರುವಷ್ಟು ದಿನ ಅದನ್ನೇ ಕಳಿಸುತ್ತೇವೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಕಾಫಿ ಬೆಳೆಗಾರರ ಸಹಕಾರ ಸಂಘ